ಪ್ರತಿಕ್ರಿಯೆ: ಫ್ಯಾಮಿಲಿಸರ್ಚ್‌ನಲ್ಲಿ ಸೇರಿಸಿದ ಚಿಕ್ಕಮ್ಮ ಊರಿನವರಿಗೆ ಕಾಣುತ್ತಿಲ್ಲ

ಮುಂಬೈ ಪಕ್ಕದ ಡೊಂಬಿವಲಿಯಲ್ಲಿ ಕೂತು ನೀವು ಫ್ಯಾಮಿಲಿಸರ್ಚ್ ಎಂಬ ವಂಶವೃಕ್ಷದ ಸೈಟಿಗೆ ಸೇರಿಸಿದ ಮುತ್ತಜ್ಜ, ಅಜ್ಜಿ ಕುಂದಾಪುರದವರಿಗೆ ಕಾಣುತ್ತಾರೆ, ಚಿಕ್ಕಮ್ಮ ಮತ್ತು ಮಕ್ಕಳು ಮಾತ್ರ ಕಾಣುವುದಿಲ್ಲ ಅಂದರೆ ಕಾರಣ ಹೆಚ್ಚುಕಮ್ಮಿ ಒಂದೇ: ಅವರು ಬದುಕಿದ್ದಾರೆ. ಫ್ಯಾಮಿಲಿಸರ್ಚ್‌ನಲ್ಲಿ ತೀರಿಕೊಂಡವರು ಎಲ್ಲರಿಗೂ ಕಾಣುತ್ತಾರೆ, ಬದುಕಿರುವವರು ಸೇರಿಸಿದವರಿಗೆ ಮಾತ್ರ. ಲಿಂಕ್ ಎಷ್ಟು ಸಲ ಕಳಿಸಿದರೂ ಅಷ್ಟೇ.

ಮೊದಲು ಆ ಸೈಟಿನಲ್ಲೇ ಒಂದು ಫ್ಯಾಮಿಲಿ ಗ್ರೂಪ್ ಮಾಡಿ. ಊರಿನವರು ಖಾತೆ ತೆರೆಯಲಿ, ದುಡ್ಡೇನೂ ಬೇಡ. ಅವರನ್ನು ಗ್ರೂಪಿಗೆ ಕರೆಯಿರಿ, ಆಮೇಲೆ ಗ್ರೂಪಿನ ವಂಶವೃಕ್ಷಕ್ಕೆ ಬದುಕಿರುವವರನ್ನು ಸೇರಿಸಿ, ಆಗ ಗ್ರೂಪಿನವರಿಗೆಲ್ಲ ಅವರು ಕಾಣುತ್ತಾರೆ. ಫೋನಿಗಿಂತ ಕಂಪ್ಯೂಟರಿನಲ್ಲಿ ಇದು ಸುಲಭ. ಕಾಣಲಿ ಅಂತ ಯಾರನ್ನೂ ಸುಮ್ನೆ ‘ತೀರಿಕೊಂಡರು’ ಎಂದು ಹಾಕಬೇಡಿ. ಚಿಕ್ಕಮ್ಮನ ಕಣ್ಣಿಗೆ ಬಿದ್ದರೆ ಮುಗೀತು ನಿಮ್ಮ ಕಥೆ!

ವಂಶವೃಕ್ಷದಲ್ಲಿ ಅಜ್ಜಿ ಎರಡು ಸಲ ಬಂದಿದ್ದಾರೆ ಅಂದಿರಲ್ಲ, ಅದು ಬಹುಶಃ ಹೆಸರಿನ ಗೋಜಲು. ಮುಂಬೈ ಕಡೆಯ ಕಾಗದಗಳಲ್ಲಿ ಮದುವೆಯಾದ ಹೆಂಗಸರಿಗೆ ಹೆಸರು, ಗಂಡನ ಹೆಸರು, ಅಡ್ಡಹೆಸರು ಅಂತ ಬರೆಯುತ್ತಾರೆ. ಊರಲ್ಲಿ ಅದೇ ಅಜ್ಜಿಗೆ ತವರಿನ ಹೆಸರೋ ಮನೆತನದ ಹೆಸರೋ ಇರುತ್ತದೆ. ಹುಟ್ಟಿದಾಗಿನ ಹೆಸರನ್ನು ಮುಖ್ಯ ಹೆಸರಾಗಿ ಇಡಿ, ಗಂಡನ ಮನೆಯದ್ದನ್ನು ಪರ್ಯಾಯ ಹೆಸರಿನಲ್ಲಿ ಹಾಕಿ. ಗಂಡ, ಮಕ್ಕಳು ಎರಡೂ ಕಡೆ ತಾಳೆಯಾದರೆ ಮಾತ್ರ ಮರ್ಜ್ ಮಾಡಿ, ಅಂದರೆ ಎರಡನ್ನೂ ಒಂದಾಗಿಸಿ. ಅನುಮಾನವಿದ್ದರೆ ಮೊದಲು ಊರಿಗೆ ಫೋನ್ ಹಚ್ಚಿ, ಯಾಕೆಂದರೆ ಮೊಮ್ಮಗಳಿಗೆ ಅಜ್ಜಿಯ ಹೆಸರಿಡುವುದು ನಮ್ಮಲ್ಲಿ ಜಾಸ್ತಿ.

ಗ್ರೂಪಿನ ಆಹ್ವಾನವನ್ನು ದೊಡ್ಡ ವಾಟ್ಸಾಪ್ ಗ್ರೂಪಿಗೆ ಹಾಕಬೇಡಿ, ಒಬ್ಬೊಬ್ಬರಿಗೇ ಕಳಿಸಿ. ಎಲ್ಲರ ಹುಟ್ಟಿದ ತಾರೀಖು ಆ ವಂಶವೃಕ್ಷದಲ್ಲಿರುತ್ತೆ ಅಲ್ವಾ.