ಫ್ರೆಂಚ್ ಓಪನ್‌ನಲ್ಲಿ ರಫೆಲ್ ನಡಾಲ್ ಅವರನ್ನು ಸೋಲಿಸುವುದು ಅಷ್ಟೊಂದು ಕಷ್ಟವಾಗಿದ್ದು ಏಕೆ?

ಮುಖ್ಯ ಕಾರಣ ಟಾಪ್‌ಸ್ಪಿನ್. ಅಂದರೆ ಚೆಂಡು ಮುಂದಕ್ಕೆ ಉರುಳುವ ಹಾಗೆ ಗರಗರ ತಿರುಗುತ್ತಾ ಹೋಗುವುದು. ನಡಾಲ್ ರ‍್ಯಾಕೆಟ್ಟನ್ನು ಕೆಳಗಿನಿಂದ ಮೇಲಕ್ಕೆ ಬೀಸಿ ಚೆಂಡನ್ನು ಉಜ್ಜಿದಂತೆ ಹೊಡೆಯುತ್ತಿದ್ದರು. ಹೀಗೆ ತಿರುಗುವ ಚೆಂಡನ್ನು ಗಾಳಿ ಕೆಳಕ್ಕೆ ಒತ್ತುತ್ತದೆ. ಹಾಗಾಗಿ ಎಷ್ಟು ಜೋರಾಗಿ ಹೊಡೆದರೂ ಅದು ನೆಟ್ ಮೇಲೆ ಎತ್ತರದಲ್ಲಿ ದಾಟಿ, ಗೆರೆಯೊಳಗೇ ಬೀಳುತ್ತಿತ್ತು.

ಇನ್ನು ಅಂಗಳದ ವಿಷಯ. ಫ್ರೆಂಚ್ ಓಪನ್ ನಡೆಯುವ ಪ್ಯಾರಿಸ್‌ನ ರೋಲಾ ಗ್ಯಾರೋಸ್‌ನಲ್ಲಿ ಮೇಲ್ಪದರ ಇಟ್ಟಿಗೆ ಪುಡಿಯದು. ಅದು ಚೆಂಡನ್ನು ಹಿಡಿದು ವೇಗ ತಗ್ಗಿಸಿ, ಮೇಲಕ್ಕೆ ಪುಟಿಸುತ್ತದೆ. ನಡಾಲ್ ಹೊಡೆದ ಚೆಂಡಂತೂ ಎದುರಾಳಿಯ ಭುಜದ ಮಟ್ಟಕ್ಕೆ ಏರುತ್ತಿತ್ತು. ಅವರು ಎಡಗೈ ಆಟಗಾರ ಬೇರೆ. ಅವರ ಫೋರ್‌ಹ್ಯಾಂಡ್ (ಆಡುವ ಕೈಯ ಕಡೆಯ ಹೊಡೆತ) ಓರೆಯಾಗಿ ಹೋದರೆ ಸೀದಾ ಬಲಗೈ ಆಟಗಾರರ ಬ್ಯಾಕ್‌ಹ್ಯಾಂಡ್ (ಇನ್ನೊಂದು ಬದಿಯ ಹೊಡೆತ) ಕಡೆಗೆ! ಒಂದೇ ಕೈಯಲ್ಲಿ ಬ್ಯಾಕ್‌ಹ್ಯಾಂಡ್ ಆಡುವವರಿಗೆ ಅಷ್ಟೆತ್ತರದ ಚೆಂಡು ದೊಡ್ಡ ತಲೆನೋವು. ರೋಜರ್ ಫೆಡರರ್ ಇಲ್ಲಿ ನಡಾಲ್ ವಿರುದ್ಧ ಆರು ಸಲ ಆಡಿ ಆರೂ ಸಲ ಸೋತರು.



ಸುಮ್ನೆ ಹೊಗಳುತ್ತಿಲ್ಲ, ಲೆಕ್ಕ ನೋಡಿ: 2005ರಿಂದ 2022ರ ನಡುವೆ 14 ಪ್ರಶಸ್ತಿ. ಒಟ್ಟು 112 ಗೆಲುವು, ಬರೀ 4 ಸೋಲು. ಅದರಲ್ಲಿ ಎರಡು ಸೋಲು ಜೊಕೊವಿಕ್ ಎದುರು. ಜೊಕೊವಿಕ್ ಅವರ ಎರಡು ಕೈಯ ಬ್ಯಾಕ್‌ಹ್ಯಾಂಡ್‌ಗೆ ಎತ್ತರದ ಚೆಂಡು ಅಷ್ಟೇನೂ ಕಾಟ ಕೊಡುತ್ತಿರಲಿಲ್ಲ.