ದಿನನಿತ್ಯದ ಬದುಕಿನಲ್ಲೇ ಮಕ್ಕಳಿಗೆ ಕ್ರೈಸ್ತ ನಂಬಿಕೆಯನ್ನು ದಾಟಿಸುವುದು ಹೇಗೆ?

ಮಕ್ಕಳು ಕೇಳಿ ಕಲಿಯುವುದಕ್ಕಿಂತ ನೋಡಿ ಕಲಿಯುವುದೇ ಜಾಸ್ತಿ. ಅಪೊಸ್ತಲ ಪೌಲನ ಜೊತೆ ಸೇವೆ ಮಾಡಿದ ತಿಮೊಥೆಯನ ನಂಬಿಕೆ ಮೊದಲು ಅವನ ಅಜ್ಜಿ ಲೋವಿಯಲ್ಲಿ, ತಾಯಿ ಯೂನೀಕೆಯಲ್ಲಿ ಇತ್ತು ಅಂತ ಪೌಲನೇ ಬರೆದಿದ್ದಾನೆ (ಬೈಬಲ್, 2 ತಿಮೊಥೆಯ 1:5).

ನಮ್ಮ ಕೋಲಾರದ ಕಡೆ ಟೊಮೆಟೊ ಬೆಳೆಯುವ ಮನೆ ಅಂತಿಟ್ಟುಕೊಳ್ಳಿ. ಮಂಡಿಗೆ ಹೋಗುವ ಬಾಕ್ಸಿನಲ್ಲಿ ಮೇಲೆ ಒಳ್ಳೆ ಹಣ್ಣು ಜೋಡಿಸಿ, ಅಡಿಯಲ್ಲಿ ಬಿರುಕು ಬಿಟ್ಟದ್ದು ತುಂಬುವುದು ಸುಲಭ. ರೇಟು ಬಿದ್ದ ದಿನವೂ ಅಪ್ಪ ಹಾಗೆ ಮಾಡದಿದ್ದರೆ, ಪಕ್ಕದಲ್ಲಿ ಹಣ್ಣು ಆರಿಸುತ್ತಿರುವ ಮಗ ಅದನ್ನು ಮರೆಯುವುದಿಲ್ಲ. ಮೋಸದ ತಕ್ಕಡಿ ದೇವರಿಗೆ ಅಸಹ್ಯ ಎನ್ನುವ ಜ್ಞಾನೋಕ್ತಿ 11:1 ಅವನಿಗೆ ಆಮೇಲೆ ಬಿಡಿಸಿ ಹೇಳಬೇಕಾಗಿಲ್ಲ. ಕೂಲಿಯವರ ದುಡ್ಡು ಅವತ್ತೇ ಸಂಜೆ ಕೊಡಿ. ಅದೂ ಬೈಬಲ್ಲಿನ ಮಾತೇ (ಧರ್ಮೋಪದೇಶಕಾಂಡ 24:15).

ರಾತ್ರಿ ಊಟಕ್ಕೆ ಮೊದಲು ಎಲ್ಲರೂ ಕೂತು ಬೈಬಲ್ಲಿನ ಒಂದು ಕೀರ್ತನೆ ಓದಿದರೆ ಸಾಕು. ಮನೆಯಲ್ಲಿ ಜಗಳವಾದ ದಿನ ಮಕ್ಕಳ ಎದುರೇ ಕ್ಷಮೆ ಕೇಳಿ. ನನ್ನ ಪ್ರಕಾರ ಎಲ್ಲಕ್ಕಿಂತ ಕಷ್ಟದ್ದು ಇದೇ, ಆದರೂ ಬಿಡಬೇಡಿ.