ಅಪ್ಪ ನರಕಕ್ಕೆ ಹೋದರಾ?

ಕೆಜಿಎಫ್‌ನ ಓದುಗರೊಬ್ಬರ ಪತ್ರ: "ಅಪ್ಪ ಗಣಿ ಕೆಲಸದಲ್ಲಿದ್ದರು. 2001ರಲ್ಲಿ ಗಣಿ ಮುಚ್ಚಿದ ಮೇಲೆ ಚರ್ಚಿಗೆ ಹೋಗುವುದನ್ನೇ ಬಿಟ್ಟರು. ಹೋದ ತಿಂಗಳು ತೀರಿಕೊಂಡರು. ಮಣ್ಣು ಮಾಡುವಾಗ ಹೊರಗಿನಿಂದ ಬಂದಿದ್ದ ಬೋಧಕರೊಬ್ಬರು, 'ಇವರು ಈಗ ಬೆಂಕಿಯಲ್ಲಿದ್ದಾರೆ, ನೀವಾದರೂ ಎಚ್ಚರವಾಗಿರಿ' ಅಂದುಬಿಟ್ಟರು. ಅವತ್ತಿನಿಂದ ಅಮ್ಮ ಸರಿಯಾಗಿ ಊಟ ಮಾಡುತ್ತಿಲ್ಲ. ಸತ್ಯವೇದದಲ್ಲಿ (ಬೈಬಲಿನಲ್ಲಿ) ಹಾಗೇ ಇದೆಯಾ? ನಲವತ್ತನೇ ದಿನದ ಪ್ರಾರ್ಥನೆ ಇಡಿಸಬಹುದಾ?"

ತಂಗೀ, ನಿಮ್ಮ ಅಪ್ಪ ಎಲ್ಲಿದ್ದಾರೆ ಎಂದು ಆ ಬೋಧಕರಿಗೆ ಗೊತ್ತಿರಲು ಸಾಧ್ಯವಿಲ್ಲ. ಮೊದಲು ಇಷ್ಟನ್ನು ಅಮ್ಮನಿಗೆ ಹೇಳಿ.

ಹಾಗಂತ ನರಕದ ಮಾತೇ ಸತ್ಯವೇದದಲ್ಲಿಲ್ಲ ಎಂದು ಸಮಾಧಾನ ಹೇಳಿದರೆ ಅದು ಸುಳ್ಳಾಗುತ್ತದೆ. ಮತ್ತಾಯ 25ರ ಕೊನೆಯಲ್ಲಿ ನಿತ್ಯದಂಡನೆಯ ಮಾತಿದೆ. ದೇವರ ಮಗನಾದ ಯೇಸುವನ್ನು ನಂಬದವನ ಮೇಲೆ ದೇವರ ಕೋಪ ಇರುತ್ತದೆ ಎಂದು ಯೋಹಾನ 3ರಲ್ಲಿದೆ. ಆ ಬೋಧಕರು ಹಿಡಿದುಕೊಂಡಿದ್ದು ಇಂಥ ವಚನಗಳನ್ನೇ ಇರಬೇಕು.

ಆದರೆ ಬೆಂಕಿಯ ಮಾತು ಎಲ್ಲಿ ಬರುತ್ತದೆ, ಯಾರಿಗೆ ಹೇಳಿದ್ದು ಎಂದು ಸ್ವಲ್ಪ ನಿಧಾನವಾಗಿ ನೋಡಿ. ಲೂಕ 16ರಲ್ಲಿ ಯೇಸು ಹೇಳಿದ ಕಥೆಯ ಐಶ್ವರ್ಯವಂತ ದಿನಾ ಹಬ್ಬದೂಟ ಮಾಡುತ್ತಿದ್ದ. ಅವನ ಬಾಗಿಲಲ್ಲೇ ಲಾಜರ ಬಿದ್ದಿದ್ದ, ಮೈತುಂಬ ಹುಣ್ಣು. ನಾಯಿಗಳು ಬಂದು ಆ ಹುಣ್ಣು ನೆಕ್ಕುತ್ತಿದ್ದವು. ಇಬ್ಬರೂ ಸತ್ತರು. ಲಾಜರ ಮೂಲಪಿತೃ ಅಬ್ರಹಾಮನ ಬಳಿ ಸೇರಿದ, ಐಶ್ವರ್ಯವಂತ ಬೆಂಕಿಗೆ ಬಿದ್ದ. ಐಶ್ವರ್ಯವಂತ ದೇವಾಲಯಕ್ಕೆ ಹೋಗುತ್ತಿದ್ದನೋ ಇಲ್ಲವೋ, ಕಥೆಯಲ್ಲಿ ಒಂದು ಮಾತೂ ಇಲ್ಲ. ಬೆಂಕಿಯಲ್ಲಿದ್ದುಕೊಂಡೂ ಅವನು ಲಾಜರನ ಹತ್ತಿರ ಕ್ಷಮೆ ಕೇಳುವುದಿಲ್ಲ. 'ಅವನನ್ನು ಕಳಿಸಿ, ಬೆರಳ ತುದಿಯಲ್ಲಿ ನೀರು ತರಲಿ' ಎಂದು ಅಬ್ರಹಾಮನಿಗೆ ಅನ್ನುತ್ತಾನೆ. ಅಲ್ಲೂ ಅವನಿಗೆ ಲಾಜರ ಒಬ್ಬ ಆಳು! ಅಂಥವನನ್ನೂ ಅಬ್ರಹಾಮ ಕರೆಯುವುದು 'ಮಗನೇ' ಎಂದು. ಮತ್ತಾಯ 25ರಲ್ಲೂ ಅಷ್ಟೇ. ಹಸಿದವನಿಗೆ ಊಟ ಕೊಟ್ಟಿರಾ, ರೋಗಿಯನ್ನು ನೋಡಲು ಹೋದಿರಾ ಎಂದೇ ಅಲ್ಲಿ ವಿಚಾರಣೆ. ಈ ಎರಡು ಮಾತೂ ಉಂಡು ತಿಂದು ಬದುಕಿರುವವರನ್ನು ಎಬ್ಬಿಸಲು ಹೇಳಿದ್ದು. ಶವಪೆಟ್ಟಿಗೆ ಪಕ್ಕ ನಿಂತು ಓದುವ ತೀರ್ಪು ಅದಲ್ಲ.

ಕ್ರೈಸ್ತ ಸಭೆಗಳಲ್ಲೂ (ಪಂಗಡಗಳಲ್ಲೂ) ಒಮ್ಮತವಿಲ್ಲ. ದುಷ್ಟರಿಗೆ ಎಂದೂ ಮುಗಿಯದ ಯಾತನೆ ಅನ್ನುವವರೇ ಜಾಸ್ತಿ. ಸತ್ತವರು ನಿದ್ದೆಯಲ್ಲಿದ್ದಾರೆ, ತೀರ್ಪಿನ ನಂತರ ದುಷ್ಟರು ಇಲ್ಲವಾಗುತ್ತಾರೆ ಎಂದು ಸೆವೆಂತ್ ಡೇ ಅಡ್ವೆಂಟಿಸ್ಟರು ನಂಬುತ್ತಾರೆ. ಸತ್ತವರಿಗೆ ಏನೂ ತಿಳಿಯದು ಎಂಬ ಪ್ರಸಂಗಿ 9ರ ಮಾತು ಅವರಿಗೆ ಆಧಾರ. ಮೂರನೇ ಶತಮಾನದ ಕ್ರೈಸ್ತ ಪಂಡಿತ ಒರಿಗೆನ್, ಕೊನೆಗೆ ಎಲ್ಲರೂ ದೇವರ ಕಡೆ ತಿರುಗಿಯಾರು ಎಂದು ಆಸೆಪಟ್ಟಿದ್ದ. ಅವನ ನಂತರ ಬಂದ ಸಂತ ಆಗಸ್ಟೀನ್ ಅಂಥ ಆಸೆಯನ್ನು ಖಡಾಖಂಡಿತವಾಗಿ ಅಲ್ಲಗಳೆದ. ಕ್ಯಾಥೊಲಿಕ್ ಸಭೆ ಎಷ್ಟೋ ಜನರನ್ನು ಸಂತರೆಂದು ಸಾರಿದೆ, ಇಂಥವರು ನರಕದಲ್ಲಿದ್ದಾರೆ ಎಂದು ಮಾತ್ರ ಒಬ್ಬರ ಬಗ್ಗೆಯೂ ಸಾರಿಲ್ಲ. ನರಕ ಒಂದು ಜಾಗ ಅನ್ನುವುದಕ್ಕಿಂತ, ದೇವರಿಂದ ತಾನಾಗಿಯೇ ದೂರ ಸರಿದವನ ಸ್ಥಿತಿ ಎಂದು ಪೋಪ್ ಎರಡನೇ ಜಾನ್ ಪಾಲ್ 1999ರಲ್ಲಿ ವಿವರಿಸಿದ್ದರು. ಇಷ್ಟೆಲ್ಲ ಓದಿದವರೇ ಎಚ್ಚರದಿಂದ ಮಾತಾಡುವಾಗ, ಅಪ್ಪನ ಮುಖವನ್ನೇ ಮೊದಲ ಸಲ ನೋಡಿದವರಿಗೆ ಅಷ್ಟು ಧೈರ್ಯ ಎಲ್ಲಿಂದ ಬಂತೋ!

ಇನ್ನೊಂದು ಮಾತು. ಯೇಸುವಿನ ಪಕ್ಕದ ಶಿಲುಬೆಯ ಮೇಲಿದ್ದ ಕಳ್ಳ ಸಾಯುವ ಹೊತ್ತಲ್ಲಿ ಯೇಸುವಿಗೆ 'ನನ್ನನ್ನು ನೆನಪಿಸಿಕೋ' ಅಂದ, ಅಷ್ಟೇ. ಪರದೈಸು (ಸ್ವರ್ಗ) ಸಿಕ್ಕಿತು. ಅದು ಯೇಸುವಿನ ಕಿವಿಗೆ ಬಿದ್ದಿದ್ದಕ್ಕೆ ನಮಗೆ ಗೊತ್ತಾಯಿತು. ಕೊನೆಯ ರಾತ್ರಿ ಅಪ್ಪ ಮನಸ್ಸಿನೊಳಗೆ ಏನಂದುಕೊಂಡರು, ಯಾರು ಕೇಳಿಸಿಕೊಂಡಿದ್ದಾರೆ?

ನಲವತ್ತನೇ ದಿನದ ಪ್ರಾರ್ಥನೆ ಧಾರಾಳವಾಗಿ ಇಡಿಸಿ. ಸತ್ತವರಿಗಾಗಿ ಪ್ರಾರ್ಥಿಸುವ ಪದ್ಧತಿ ಪ್ರಾಟೆಸ್ಟೆಂಟ್ ಸಭೆಗಳಲ್ಲಿ ಸಾಮಾನ್ಯವಾಗಿ ಇಲ್ಲ. ನಿಮ್ಮದು ಅಂಥ ಸಭೆಯಾದರೆ, ಅಪ್ಪನ ಬದುಕಿಗಾಗಿ ಕೃತಜ್ಞತೆ ಹೇಳುವ ಕೂಟ ಅಂತ ಮಾಡಿಸಿ, ಯಾರೂ ಆಕ್ಷೇಪಿಸಲಾರರು. ಬೋಧಕರನ್ನು ಹೊರಗಿನಿಂದ ಕರೆಸಬೇಡಿ. ಅಪ್ಪನನ್ನು ಬಲ್ಲ ಪಾಸ್ಟರ್ ಇದ್ದರೆ ಅವರೇ ಸಾಕು. ಅಪ್ಪನ ಜೊತೆ ಗಣಿಗೆ ಇಳಿಯುತ್ತಿದ್ದವರು ಯಾರಾದರೂ ಇದ್ದರೆ, ಅವರಿಗೂ ನಾಲ್ಕು ಮಾತಾಡಲು ಬಿಡಿ.

— ಸಂಪಾದಕ, ಕೋಲಾರ